ರಂಗನಾಯಕಿ ವಿರುದ್ಧ ಅರಿಶಿನದ ಪಂಚೆ

ಕಬ್ಬು ಅರೆಯುವ ಕಾಲ ಬಂತೆಂದರೆ ಮದ್ದೂರಿನ ನಮ್ಮ ಬೀದಿಗೆ ಬೆಳಗಾಗುವುದು ಕೋಳಿಯಿಂದಲ್ಲ, ಗಾಡಿಯಿಂದ. ಎಣ್ಣೆ ಕಾಣದ ಅಚ್ಚುಗಳು ಒಂದರ ಹಿಂದೆ ಒಂದು ಕಿರ್ರ್ ಎಂದು ರಾಗ ಎಳೆಯುತ್ತಾ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಮಂಜಿನಲ್ಲಿ ಎತ್ತು ಕಾಣುವುದಿಲ್ಲ, ಗಾಡಿಯವನೂ ಕಾಣುವುದಿಲ್ಲ, ರಾಗ ಮಾತ್ರ ಹೋಗುತ್ತಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿದ್ದೆ. ಯಾರೋ ಬೆಳಗನ್ನೇ ಹಗ್ಗ ಕಟ್ಟಿ ಎಳೆದು ತರುತ್ತಿದ್ದಾರೆ ಅನ್ನಿಸುತ್ತಿತ್ತು. (ಆಗ ನನಗೆ ಹಗ್ಗ ಕಟ್ಟುವುದರ ಬಗ್ಗೆ ಕಾವ್ಯಮಯವಾದ ಅಭಿಪ್ರಾಯವಿತ್ತು.)

ಈಚೆಗೆ ಆ ರಾಗದ ನಡುವೆ ಇನ್ನೊಂದು ಸದ್ದು ಸೇರಿಕೊಂಡಿದೆ. ದಢಾರ್. ಸ್ವಲ್ಪ ಹೊತ್ತು ಮೌನ. ಮತ್ತೆ ದಢಾರ್. ಅದು ನಮ್ಮ ಕಾರಿನ ಎಡಗಡೆಯ ಮುಂದಿನ ಬಾಗಿಲು. ಅದನ್ನು ಮುಚ್ಚುವುದು ನನ್ನ ಯಜಮಾನರ ಪ್ರಾತಃಕಾಲದ ವ್ಯಾಯಾಮ.

ಯಜಮಾನರು ಎಂದರೆ ಕಸ್ತೂರಿರಂಗ, ವಕೀಲರು. ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯ ಬೆವರಿಳಿಸುತ್ತಾರೆಂದು ಅವರಿಗೆ ಹೆಸರಿದೆ. ಮನೆಯಲ್ಲಿ ಅವರ ತಾಯಿ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಪ್ರಶ್ನೆ ಬರುವ ಮುಂಚೆಯೇ 'ಇಲ್ಲಮ್ಮ' ಎಂದುಬಿಡುತ್ತಾರೆ. ಇವರು ಹೋದ ವರ್ಷ ಒಬ್ಬ ಕಾಫಿಪುಡಿ ವ್ಯಾಪಾರಿಯಿಂದ ಈ ಕಾರು ಕೊಂಡರು. ಮುಂಭಾಗದಲ್ಲಿದ್ದ ಹೆಸರಿನ ಅಕ್ಷರಗಳೆಲ್ಲ ಉದುರಿಹೋಗಿದ್ದರಿಂದ ಅದು ಯಾವ ಕಂಪನಿಯದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಒಳಗೆ ಕೂತರೆ ಹುರಿದ ಬೀಜದ ಘಮ. ಕಾರು ಬಲಕ್ಕೆ ತಿರುಗಿದಾಗಲೆಲ್ಲ ಆ ಎಡಬಾಗಿಲು ತಾನಾಗಿ ತೆರೆದುಕೊಂಡು, ಯಾರನ್ನೋ ಕರೆಯುವಂತೆ, ಹೊರಗೆ ಚಾಚಿಕೊಳ್ಳುತ್ತದೆ. ಮೆಕ್ಯಾನಿಕ್ಕನ್ನು ಕರೆಸಿದೆವು. ಅವನು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಬಾಗಿಲು ನೆಟ್ಟಗೇ ಇದೆ, ಕಾರೇ ಸೊಟ್ಟಗಿದೆ ಎಂದು ಹೇಳಿ ಹೋದ.

ಆ ಬಾಗಿಲ ಪಕ್ಕದ ಸೀಟು ನನ್ನದು. ಹಿಂದಿನ ಸೀಟು ಅತ್ತೆ, ಮಾವ, ಅವರ ಕೊಡೆ, ಕೈಚೀಲ, ನೀರಿನ ಕೂಜಗಳಿಗೆ ಶಾಶ್ವತವಾಗಿ ಮೀಸಲು. ಅತ್ತೆ ಕನಕಲಕ್ಷ್ಮಮ್ಮನವರಿಗೆ ಮುಂದೆ ಕೂತರೆ ರಸ್ತೆ ಮೈಮೇಲೆ ಬಂದಂತೆ ಆಗುತ್ತದಂತೆ.

ಒಂದು ದಿನ ಮಂಡ್ಯಕ್ಕೆ ಹೊರಟಿದ್ದೆವು. ಅತ್ತೆ ಬೆಳಿಗ್ಗೆಯೇ ಎದ್ದು ಗೊಜ್ಜು ಕಾಯಿಸಿ, ನೆಂಟರ ಮನೆಗೆಂದು ಪುಳಿಯೋಗರೆ ಕಲಸಿ, ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇಟ್ಟಿದ್ದರು. ಗೆಜ್ಜಲಗೆರೆ ದಾಟಿದ ಮೇಲೆ ಎದುರಿಗೆ ಬಂದ ಲಾರಿಯನ್ನು ತಪ್ಪಿಸಲು ಹೋಗಿ ಯಜಮಾನರು ಸ್ವಲ್ಪ ಎಡಕ್ಕೆ ಎಳೆದು ಮತ್ತೆ ಜೋರಾಗಿ ಬಲಕ್ಕೆ ತಿರುಗಿಸಿದರು. ಬಾಗಿಲು ತನ್ನ ಧರ್ಮವನ್ನು ಪಾಲಿಸಿತು. ನಾನು ಸೀಟಿನ ಬೆನ್ನು ಹಿಡಿದುಕೊಂಡೆ. ಡಬ್ಬಿಗೆ ಹಿಡಿದುಕೊಳ್ಳಲು ಕೈಗಳಿರಲಿಲ್ಲ. ಅದು ಬಿಸಿಲಿನಲ್ಲಿ ಒಮ್ಮೆ ಮಿಂಚಿ, ನಾಟಿಯಾದ ಗದ್ದೆಯ ನೀರಿನಲ್ಲಿ ಶಾಂತವಾಗಿ ಇಳಿಯಿತು. ಬೆಳ್ಳಕ್ಕಿಗಳು ಮೊದಲು ಹಾರಿದವು, ಆಮೇಲೆ ವಾಪಸು ಬಂದವು.

ಅತ್ತೆ ಆ ಪುಳಿಯೋಗರೆಗಾಗಿ ಅನುಭವಿಸಿದ ದುಃಖವನ್ನು ನಾನು ವರ್ಣಿಸಲಾರೆ. ದಾರಿಯುದ್ದಕ್ಕೂ ಅವರು ಅದರ ಗುಣಗಳನ್ನು ಹೇಳಿಕೊಂಡರು. ಆಮೇಲೆ ಮಂಡ್ಯ ಸಮೀಪಿಸುವಾಗ ಒಮ್ಮೆಲೇ ಮಾತು ನಿಲ್ಲಿಸಿ ನನ್ನ ಹೆಗಲ ಮೇಲೆ ಹಿಂದಿನಿಂದ ಕೈ ಇಟ್ಟರು. ಇವತ್ತು ಪುಳಿಯೋಗರೆ, ನಾಳೆ ನೀನು ಎಂದರು. ಆ ಕೈಯನ್ನು ಕಾರು ನಿಲ್ಲುವವರೆಗೂ ತೆಗೆಯಲಿಲ್ಲ. ನಾನಾಗ ಅದನ್ನು ಗಮನಿಸಬೇಕಾಗಿತ್ತು.

ಸರಿಯಾಗಿ ಮರುದಿನ ಬೆಳಿಗ್ಗೆಯೇ ಮಾವನವರು ಮನೆಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ಮಾವ ಯೋಗಾನರಸಿಂಹನವರು ಹರೆಯದಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಪೊಲೀಸರ ಲಾಠಿಯ ಎದುರು ನಿಂತವರು. ಆ ಧೈರ್ಯವೆಲ್ಲ ಅಲ್ಲೇ ಖರ್ಚಾಗಿ ಹೋಯಿತೋ ಏನೋ, ಮನೆಯಲ್ಲಿ ಅವರು ಗಟ್ಟಿಯಾಗಿ ಮಾಡುವ ಕೆಲಸ ಪತ್ರಿಕೆ ಓದುವುದೊಂದೇ. ಅಂದಿನ ಸುದ್ದಿ ಹೀಗಿತ್ತು: ಹೊರದೇಶಗಳಲ್ಲಿ ಕೆಲವು ಕಡೆ ಕಾರಿನಲ್ಲಿ ಕೂತವರು ಮೈಗೆ ಅಡ್ಡಲಾಗಿ ಪಟ್ಟಿ ಕಟ್ಟಿಕೊಳ್ಳಲೇಬೇಕು, ಕಟ್ಟಿಕೊಳ್ಳದಿದ್ದರೆ ದಂಡ.

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಇನ್ನೊಂದು ಸಲ ಓದಿಸಿದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯಲ್ಲಿ ಶಾಸನ ಸಿದ್ಧವಾಗಿತ್ತು: ಕಾರು ಹೊರಡುವ ಮುಂಚೆ ನನ್ನನ್ನು ಸೀಟಿಗೆ ಕಟ್ಟಬೇಕು. ನಾನು ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವಳು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಹಲಗೆಯ ಮೇಲೆ ಮೂರು ಚೌಕ ಬರೆದು ಅವು ಬೇರೆ ಬೇರೆ ಇರಬೇಕು ಎಂದು ಮಕ್ಕಳಿಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೂರೂ ಒಂದೇ ಸೀರೆ ಉಟ್ಟುಕೊಂಡು ಅಡುಗೆಮನೆಯಲ್ಲಿ ಓಡಾಡುತ್ತವೆ.

ಪಟ್ಟಿಗೆ ಮಾವನವರ ಹಳೆಯ ಮೇಲುಕೋಟೆ ಪಂಚೆಯೊಂದು ಸಿಕ್ಕಿತು. ಅತ್ತೆ ಅದನ್ನು ಉದ್ದಕ್ಕೆ ಮಡಿಸಿ ಹೊಲಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರೀ ಪಟ್ಟಿಯಾಗಿರುತ್ತಿತ್ತು. ಆದರೆ ಕಾಪಾಡುವುದಕ್ಕೆಂದು ಕಟ್ಟುವುದನ್ನು ಹಾಗೇ ಬರಿದಾಗಿ ಕಟ್ಟುತ್ತಾರೆಯೇ? ಪಂಚೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ತುದಿಗೆ ಒಂದು ಅರಿಶಿನದ ಕೊಂಬು ಕಟ್ಟಿ, ದೇವರ ಮುಂದಿಟ್ಟು ತಂದರು. ಅಲ್ಲಿಗೆ ಅದು ಕಂಕಣವಾಯಿತು. ಮದುವೆಯಲ್ಲಿ ಕೈಗೆ ಕಟ್ಟಿದ ಕಂಕಣವನ್ನು ನಾವಾಗಿ ಬಿಚ್ಚಿಕೊಳ್ಳುತ್ತೇವೆಯೇ, ಹಾಗೆಯೇ ಇದನ್ನೂ ಕಟ್ಟಿದವರೇ ಬಿಚ್ಚಬೇಕು, ಕಟ್ಟಿಸಿಕೊಂಡವರು ಕೈ ಹಚ್ಚುವ ಹಾಗಿಲ್ಲ ಎಂದು ನಿಯಮವಾಯಿತು.

ಪರಿಣಾಮ ಏನೆಂದರೆ, ಅತ್ತೆ ನಮ್ಮ ಪ್ರತಿಯೊಂದು ಪ್ರಯಾಣಕ್ಕೂ ಬರಬೇಕಾಯಿತು. ಯಜಮಾನರು ಮಂಡ್ಯದ ಕೋರ್ಟಿಗೆ ಹೋಗುವ ದಿನ ನನ್ನನ್ನೂ ಕಾಲೇಜಿಗೆ ಬಿಡುತ್ತಿದ್ದರು. ಈಗ ಕಟ್ಟುವವರು ಮದ್ದೂರಿನಲ್ಲಿ, ಬಿಚ್ಚುವವರು ಮಂಡ್ಯದಲ್ಲಿ ಬೇಕಲ್ಲ? ಅತ್ತೆ ಹಿಂದಿನ ಸೀಟಿನಲ್ಲಿ ಸುಖವಾಗಿ ಕೂತು, ಕಾಲೇಜಿನ ಗೇಟಿನ ಮುಂದೆ ಇಳಿದು, ಏನೋ ಶ್ಲೋಕ ಗುನುಗಿ ನನ್ನನ್ನು ಬಿಚ್ಚಿ ಒಳಗೆ ಬಿಡುತ್ತಿದ್ದರು. ಕಾವಲುಗಾರ ಮರಿಸಿದ್ದಯ್ಯ ಟೋಪಿ ತೆಗೆದು ನಿಲ್ಲುತ್ತಿದ್ದ. ನನ್ನ ಸೀರೆಗಳಿಗೆಲ್ಲ ಸೊಂಟದ ಸುತ್ತ ಒಂದು ಹಳದಿ ಪಟ್ಟೆ ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬರು ಅದು ಹೊಸ ಫ್ಯಾಷನ್ನೇ ಎಂದು ಕೇಳಿದರು. ಹೌದು ಎಂದೆ.

ಇಷ್ಟನ್ನೂ ಸಹಿಸಿಕೊಂಡು ಹೋಗುತ್ತಿದ್ದೆನೋ ಏನೋ. ಆದರೆ ಮಂಡ್ಯದ ಪೇಟೆಬೀದಿಯಲ್ಲಿ ಒಂದು ಬೆಳಿಗ್ಗೆ ಅತ್ತೆ ಎಳೆಯ ಅವರೆಕಾಯಿ ನೋಡಿ ಕಾರು ನಿಲ್ಲಿಸಲು ಹೇಳಿ ಇಳಿದರು. ನಾನು ಕಟ್ಟಿಸಿಕೊಂಡೇ ಕೂತಿದ್ದೆ. ಅರಿಶಿನದ ಕೊಂಬು ಹೊಟ್ಟೆಯ ಮೇಲೆ ತೂಗುತ್ತಿತ್ತು. ದುದ್ದದ ಕಡೆಯ ಒಬ್ಬ ಹೆಂಗಸು, ಆಮೇಲೆ ಗೊತ್ತಾಯಿತು ಹೆಸರು ಚಲುವಮ್ಮನೆಂದು, ತಲೆಯ ಮೇಲಿನ ಸೊಪ್ಪಿನ ಬುಟ್ಟಿಯನ್ನು ಇಳಿಸಿ, ಗಾಜಿನ ಆಚೆಯಿಂದ ನನ್ನನ್ನು ಬಹಳ ಹೊತ್ತು ನೋಡಿದಳು. ಕಣ್ಣಿನಲ್ಲಿ ಅಪಾರ ಕರುಣೆ. ಆಮೇಲೆ ಹೊರಗೆ ನಿಂತಿದ್ದ ಯಜಮಾನರ ಕಡೆ ತಿರುಗಿದಳು.

"ಯಾವಾಗಿಂದ ಸ್ವಾಮಿ ಇಂಗೆ?"

ಯಜಮಾನರ ತಲೆಯಲ್ಲಿ ಸದಾ ಇರುವುದು ಬಾಗಿಲು. "ತಂದಾಗಿನಿಂದ ಹೀಗೇ ಕಣಮ್ಮ" ಎಂದರು.

"ಅಯ್ಯೋ ಸಿವನೆ. ತೋರ್ಸುನಿಲ್ವಾ?"

"ತೋರಿಸಿದೆ. ಏನೂ ಮಾಡೋಕಾಗಲ್ಲ ಅಂದುಬಿಟ್ಟ."

ಚಲುವಮ್ಮ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು, ದನಿ ತಗ್ಗಿಸಿ, "ಕಚ್ತದಾ?" ಎಂದು ಕೇಳಿದಳು.

"ಸರಿಯಾಗಿ ಕಚ್ಚಲ್ಲ, ಅದೇ ತೊಂದರೆ."

ಅವಳು ಥಟ್ಟನೆ ಹಿಂದೆ ಸರಿದಳು. ಗಾಜಿನ ಈಚೆ ನಾನು ಬಾಯಿ ತೆರೆದೆ. ಅದನ್ನು ನೋಡಿ ಇನ್ನೂ ಹಿಂದೆ ಸರಿದಳು. ಆದರೂ ಒಳ್ಳೆಯ ಹೆಂಗಸು. ಹೋಗುವ ಮುಂಚೆ, ಅವಳ ತವರಿನ ಕಡೆ ಒಂದು ಅಮ್ಮನ ಗುಡಿ ಇದೆ, ಅಮಾಸೆ ದಿವಸ ಕರಕೊಂಡು ಹೋಗಿ ಮಲಗಿಸಿ, ಇದಕ್ಕಿಂತ ಜೋರಾಗಿದ್ದವೆಲ್ಲ ಬಿಟ್ಟು ಹೋಗಿವೆ, ತಾನು ಚಲುವಮ್ಮ, ತನ್ನ ಹೆಸರು ಹೇಳಿದರೆ ಪೂಜಾರಿ ಚೌಡಯ್ಯ ಬೇಗ ನೋಡುತ್ತಾನೆ ಎಂದು ಸಮಾಧಾನ ಹೇಳಿದಳು. ಒಂದು ಕಂತೆ ದಂಟಿನ ಸೊಪ್ಪನ್ನು ಸುಮ್ಮನೆ ಕೊಟ್ಟು ಹೋದಳು.

ಅದೇ ಗಳಿಗೆಯಲ್ಲಿ ನನ್ನ ತರಗತಿಯ ಇಬ್ಬರು ಹುಡುಗಿಯರು ಬಂದರು. ಕಾರನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಕೊಂಬನ್ನು ನೋಡಿದರು. ತುಂಬಾ ವಿನಯದ ಹುಡುಗಿಯರು. ಒಬ್ಬಳು ಕೈಮುಗಿದು, "ಮೇಡಂ, ವ್ಯಕ್ತಿ ಸ್ವಾತಂತ್ರ್ಯದ ಪಾಠ ಇವತ್ತೇ ಮುಗಿಸ್ತೀರಾ?" ಎಂದು ಕೇಳಿದಳು.

ನಾನು ಅವತ್ತೇ ನಿರ್ಧರಿಸಿದೆ. ಕಾರಿನಲ್ಲಿ ನನ್ನನ್ನು ಇನ್ನು ಕಟ್ಟಬಾರದು. ಪ್ರಾಣ ಹೋದರೂ ಸರಿ, ಪಂಚೆ ಹೋಗಬೇಕು. ಜಗಳ ಆಡಿ ಅಲ್ಲ, ಕಾನೂನಿನ ಮೂಲಕ.

ಆಗಷ್ಟೇ ಎಮರ್ಜೆನ್ಸಿ ಮುಗಿದಿತ್ತು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲರೂ ಮೂಲಭೂತ ಹಕ್ಕಿನ ಮಾತಾಡುತ್ತಿದ್ದರು. ಹೋಗಿ ಬಂದ ನೆಂಟರ ಯೋಗಕ್ಷೇಮ ವಿಚಾರಿಸಿದಂತೆ ಜನ ಅದನ್ನು ವಿಚಾರಿಸುತ್ತಿದ್ದರು. ಹಾಗಾಗಿ ಭಾನುವಾರ ಊಟವಾದ ಮೇಲೆ, ಎಲೆ ಅಡಿಕೆಯ ಹೊತ್ತಿನಲ್ಲಿ, ಈ ಕಟ್ಟಳೆ ಸಂವಿಧಾನಬದ್ಧವೇ ಎಂದು ತೀರ್ಮಾನವಾಗಲಿ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ನಗಲಿಲ್ಲ. ಮಾವನವರು ಆರಾಮಕುರ್ಚಿಯಲ್ಲಿ ನೆಟ್ಟಗೆ ಕೂತರು. ನ್ಯಾಯಾಧೀಶರಾಗಲು ಅವರಿಗೆ ಬಹುಕಾಲದ ಆಸೆಯಿದ್ದಂತೆ ಕಂಡಿತು. ಯಜಮಾನರು ಸರ್ಕಾರದ ಪರ ವಕೀಲರು. (ಯಾವ ಪರ ಎಂದು ಅವರನ್ನು ಯಾರೂ ಕೇಳಲಿಲ್ಲ, ತಾವಾಗಿ ಹೋಗಿ ತಾಯಿಯ ಪಕ್ಕದಲ್ಲಿ ನಿಂತರು.) ಅತ್ತೆ ಬತ್ತಿ ಹೊಸೆಯುತ್ತಾ ನಡುಮನೆಯ ಕಂಬಕ್ಕೆ ಒರಗಿದರು.

ನಾನು ಹದಿನಾಲ್ಕನೆಯ ವಿಧಿಯಿಂದ ಶುರುಮಾಡಿದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದ ಮೇಲೆ ಕಾರಿನಲ್ಲಿ ಇರುವ ನಾಲ್ವರಲ್ಲಿ ಕಟ್ಟುವುದು ನನ್ನನ್ನೊಬ್ಬಳನ್ನೇ ಯಾಕೆ? ಯಜಮಾನರು ಎದ್ದು ನಿಂತು, ಬಾಗಿಲು ಎಲ್ಲಿ ಕೆಟ್ಟಿದೆಯೋ ಅಲ್ಲಿ ಮಾತ್ರ ಕಾನೂನು, ಇದು ಸಮಂಜಸವಾದ ವರ್ಗೀಕರಣ ಎಂದು ವಾದಿಸಿದರು. ವಾದ ಚೆನ್ನಾಗಿಯೇ ಇತ್ತು. ಹೆಂಡತಿಯ ವಿರುದ್ಧ ಇಷ್ಟು ಚೆನ್ನಾಗಿ ವಾದಿಸುವ ಅಗತ್ಯವೇನಿತ್ತೋ.

ಇಪ್ಪತ್ತೊಂದನೆಯ ವಿಧಿ ಎಂದೆ. ವಿಧಿ ಇರೋದು ಒಂದೇ ಕಣೇ, ಅದು ಹಣೆಯಲ್ಲಿ ಬರೆದಿರುತ್ತೆ ಎಂದು ಅತ್ತೆ ಬತ್ತಿಯಿಂದ ಕಣ್ಣೆತ್ತದೆ ಹೇಳಿದರು. ನಾನು ಬಿಡಲಿಲ್ಲ. ಬೇರೆಯವರಿಗೆ ಕೆಡುಕು ಮಾಡುವವರನ್ನು ಕಾನೂನು ತಡೆಯಬಹುದು, ಒಪ್ಪಿದೆ. ಆದರೆ ನಾನು ಬಿದ್ದರೆ ಬೀಳುವವಳು ನಾನು. ಬುದ್ಧಿ ಬಲಿತ, ಎಂ.ಎ. ಓದಿದ ಹೆಂಗಸನ್ನು ಅವಳ ಒಳ್ಳೆಯದಕ್ಕೆಂದು ಬಲವಂತ ಮಾಡುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ ಎಂದೆ. ಹೇಳುವಾಗ ನನ್ನ ದನಿ ನನಗೇ ಇಂಪಾಗಿ ಕೇಳಿಸಿತು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಬೀಳೋವಳು ನೀನು. ಸರಿ. ರಸ್ತೇಲಿ ಕೂತು ಅಳೋವಳು ನಾನಲ್ವೇನೇ? ಅದಕ್ಕೆ ನಿನ್ನ ಪುಸ್ತಕದಲ್ಲಿ ಯಾವ ಕಲಂ ಇದೆ?"

ಹೊರಗೆ ಒಂದು ಗಾಡಿ ಕಿರುಗುಟ್ಟುತ್ತಾ ದಾಟಿ ಹೋಯಿತು. ಗೆದ್ದೇಬಿಟ್ಟೆ ಎಂದುಕೊಂಡಿದ್ದ ನನಗೆ ಸೋಲು ಕಣ್ಣಿಗೆ ಕಂಡಿತು. ಅಷ್ಟೇ ಅಲ್ಲ, ಎದ್ದು ಹೋಗಿ ಅವರ ಪಕ್ಕದಲ್ಲಿ ಕೂರಬೇಕೆಂದೂ ಅನ್ನಿಸಿತು. ಆದರೆ ಹಳದಿ ಪಟ್ಟೆ ಬಿದ್ದ ಸೀರೆಗಳು, ಚಲುವಮ್ಮನ ದಂಟಿನ ಸೊಪ್ಪು ಎಲ್ಲ ಕಣ್ಣ ಮುಂದೆ ಬಂದವು. ನಾನು ಕೊನೆಯ ಅಸ್ತ್ರ ತೆಗೆದೆ. ನ್ಯಾಯಾಧೀಶರ ಕಡೆ ತಿರುಗಿ, ಮಾವ, ಅವತ್ತು ಶಿವಪುರಕ್ಕೆ ಹೋಗುವಾಗ ನಿಮ್ಮ ತಾಯಿಯವರೂ ನಿಮ್ಮ ಒಳ್ಳೆಯದಕ್ಕೇ ಬೇಡ ಅಂದಿರಲಿಲ್ಲವೇ, ಬಾಗಿಲು ಹಾಕಿ ಚಿಲಕ ಹಾಕಿರಲಿಲ್ಲವೇ ಎಂದು ಕೇಳಿದೆ.

ಮಾವನವರ ಮುಖದಿಂದ ನಲವತ್ತು ವರ್ಷ ಕಳಚಿತು. ಕಿಟಕಿಯಿಂದ ಹಾರಿದ್ದೆ ಕಣಮ್ಮ ಎಂದು ಮೆಲ್ಲಗೆ ಹೇಳಿ, ಕುರ್ಚಿಯ ತೋಳಿಗೆ ಕೈಯೂರಿ ಎದ್ದು ನಿಂತು ತೀರ್ಪು ಕೊಟ್ಟರು. ಬುದ್ಧಿಯಿರುವ ಯಾರನ್ನೇ ಆಗಲಿ, ಅವರವರ ಒಳ್ಳೆಯದಕ್ಕೆ ಎಂಬ ನೆಪದಲ್ಲಿ ಬಲವಂತ ಮಾಡುವುದು ಈ ಮನೆಯಲ್ಲಿ ಇನ್ನು ಮುಂದೆ ಅಸಾಂವಿಧಾನಿಕ. ಪಂಚೆ ರದ್ದು.

ನನಗೆ ಕುಣಿಯಬೇಕೆನ್ನಿಸಿತು. ನಾನು ಸಂಯಮದ ಹೆಂಗಸಾದ್ದರಿಂದ ಎಲ್ಲರಿಗೂ ಕಾಫಿ ಮಾಡಲು ಎದ್ದೆ.

"ನಾಯಕೀ," ಅತ್ತೆಯ ದನಿ ಹಿಂದಿನಿಂದ ಬಂತು. ಬಹಳ ಮೃದುವಾಗಿತ್ತು. "ನನ್ನ ಲೋಟಕ್ಕೆ ಸಕ್ಕರೆ ಹಾಕು. ಎರಡು ಚಮಚ."

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಅತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಮುಟ್ಟಬಾರದೆಂದು ಹೇಳಿದ ದಿನದಿಂದ ಈ ಮನೆಯಲ್ಲಿ ಆ ಕಾನೂನನ್ನು ಜಾರಿಯಲ್ಲಿಟ್ಟವಳು ನಾನು. ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟು ಏಣಿಯನ್ನು ಹಿತ್ತಲಿಗೆ ಸಾಗಿಸಿದ್ದೆ. ಸುತ್ತಮುತ್ತ ಎತ್ತ ನೋಡಿದರೂ ಕಬ್ಬಿನ ಗದ್ದೆ, ಗಾಳಿಯಲ್ಲೇ ಆಲೆಮನೆಯ ಪಾಕದ ವಾಸನೆ ಬರುವ ಊರಿನಲ್ಲಿ ಆ ಹೆಂಗಸು ಕಹಿ ಕಾಫಿ ಕುಡಿಯುತ್ತಿದ್ದರು. ಗೊಣಗುತ್ತಿದ್ದರು, ಆದರೆ ಕುಡಿಯುತ್ತಿದ್ದರು.

ನಾನು ಚಮಚ ಹಿಡಿದು ನಿಂತೆ. ಡಾಕ್ಟರು ಹೇಳಿದ್ದಾರೆ, ನಿಮ್ಮ ಒಳ್ಳೆಯದಕ್ಕೇ ಎಂದು ಬಾಯಿ ತೆರೆದವಳು ಅಲ್ಲೇ ನಿಲ್ಲಿಸಿದೆ. ಯಜಮಾನರು ಸೂರಿನ ಕಡೆ ನೋಡುತ್ತಿದ್ದರು. ಮಾವನವರು, ತೀರ್ಪು ತೀರ್ಪೇ ಎಂದರು. ಎರಡು ಚಮಚ ಹಾಕಿದೆ.

ಆ ವಾರ ನಮ್ಮ ಮನೆಗೆ ಸ್ವಾತಂತ್ರ್ಯ ಬಂತು. ಹೀಗೆ ಬರುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮಾವನವರು ಅತ್ತೆ ಬಿಡಿಸಿದ್ದ ನಶ್ಯದ ಡಬ್ಬಿಯನ್ನು ಎಲ್ಲಿಂದಲೋ ಹೊರತೆಗೆದು, ಪ್ರಜಾಪ್ರಭುತ್ವದ ಹೆಸರಿನಲ್ಲಿ ಸೀನತೊಡಗಿದರು. ಯಜಮಾನರು ಚಳಿಗಾಲದ ಮಫ್ಲರನ್ನು ತಾಯಿಯ ಎದುರಿಗೇ ಬಿಚ್ಚಿ ಗೂಟಕ್ಕೆ ಹಾಕಿ, ಎದೆಯುಬ್ಬಿಸಿ ಕೋರ್ಟಿಗೆ ಹೋಗಿ, ಮೂಗು ಸುರಿಸುತ್ತಾ ವಾಪಸು ಬಂದರು. ಅತ್ತೆಗೆ ಸೋಮವಾರ ಸಜ್ಜಿಗೆ, ಆಮೇಲೆ ಸಕ್ಕರೆ ಪೊಂಗಲು, ಆಮೇಲೆ ಏನೂ ಇಲ್ಲದ ದಿನ ಬರೀ ಬೆಲ್ಲದ ತುಂಡು. ಇದೆಲ್ಲವನ್ನೂ ಮಾಡಿಕೊಡುವವಳು ನಾನು. ಏಣಿಯನ್ನು ಒಳಗೆ ತಂದವಳೂ ನಾನು. ಅಷ್ಟು ಸಂತೋಷವಾಗಿ ಆ ಮನೆಯನ್ನು ನಾನು ನೋಡಿಯೇ ಇರಲಿಲ್ಲ. ಅಷ್ಟು ಗಾಬರಿಯಾಗಿಯೂ ನಾನು ಇದ್ದಿರಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕೂತು ಪಾದ ಜೋಮು ಹಿಡಿಯಿತೆಂದು ತಿಕ್ಕಿಕೊಳ್ಳುವಾಗ ಒಲೆಯ ಮೇಲಿನದನ್ನು ಬಿಟ್ಟು ಓಡಿಹೋಗಿ ಪಾದ ನೋಡುತ್ತಿದ್ದೆ.

ಮರುಪರಿಶೀಲನಾ ಅರ್ಜಿ ಹಾಕಿದೆ. ನಾನು ಪಂಚೆ ಕಟ್ಟಿಸಿಕೊಳ್ಳುತ್ತೇನೆ, ಸಕ್ಕರೆಯ ಕಾನೂನು ವಾಪಸು ಬರಲಿ ಎಂದೆ. ಮಾವನವರು ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರ ತಡೆದು, ಬಹಳ ಹೊತ್ತು ಯೋಚಿಸಿ, ಮೂಲಭೂತ ಹಕ್ಕನ್ನು ಮಾರಾಟ ಮಾಡುವ ಹಾಗಿಲ್ಲ ಎಂದು ಅರ್ಜಿಯನ್ನು ವಜಾ ಮಾಡಿ ಸೀನಿದರು. ಯಜಮಾನರ ಸಹಾಯ ಕೇಳಿದೆ. ಅವರು ಮೂಗೊರೆಸಿಕೊಂಡು, ನೀನು ವಾದ ಮಾಡಿದ್ದು ಅಷ್ಟು ಚೆನ್ನಾಗಿತ್ತು, ನನಗೆ ಅದನ್ನು ಮುರಿಯೋಕಾಗಲ್ಲ ಎಂದರು.

ಹೀಗಿರುವಾಗ ಮಳವಳ್ಳಿಯಿಂದ ಕರೆ ಬಂತು. ಮಳವಳ್ಳಿ ನನ್ನ ತವರು. ತಂಗಿಯ ಸೀಮಂತ. ಬೀಗಿತ್ತಿಯಾದ ಅತ್ತೆಯವರು ಬರಲೇಬೇಕು ಎಂದು ನನ್ನಮ್ಮ ಸರಸಮ್ಮ ಹೇಳಿಕಳಿಸಿದ್ದಳು. ಸೀಮಂತವೆಂದರೆ ಒಬ್ಬಟ್ಟು. ನನ್ನಮ್ಮನ ಒಬ್ಬಟ್ಟು. ನನಗೆ ರಾತ್ರಿಯೆಲ್ಲ ಇದೇ ಯೋಚನೆಯಾಗಿ, ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಕಾನೂನಿನಿಂದ ಆಗದ್ದು ಮೇಲ್ಪಂಕ್ತಿಯಿಂದ ಆಗಬಹುದಲ್ಲ? ನಾನಾಗಿಯೇ, ಯಾರ ಬಲವಂತವೂ ಇಲ್ಲದೆ, ಪಂಚೆ ಕಟ್ಟಿಸಿಕೊಂಡರೆ, ಅದನ್ನು ನೋಡಿ ಅತ್ತೆಯೂ ತಾವಾಗಿಯೇ ಸಿಹಿ ಬಿಟ್ಟರೆ?

ಕಾರು ಹೊರಡುವಾಗ ಪಂಚೆಯನ್ನು ಹಿಡಿದು ಅವರ ಮುಂದೆ ನಿಂತೆ. ಸೆರೆಯಾಳು ಸಂಕೋಲೆಯನ್ನು ತಾನೇ ಹೊತ್ತುಕೊಂಡು ಬಂದ ಹಾಗೆ. ಕಟ್ಟಿ ಅತ್ತೆ, ನಿಮಗೆ ದಿಗಿಲಾಗೋದು ನನಗೆ ಬೇಡ, ನಾನು ಇಷ್ಟಪಟ್ಟು ಕಟ್ಟಿಸ್ಕೊಳ್ತೀನಿ ಎಂದೆ.

ಅತ್ತೆಯ ಕಣ್ಣು ತುಂಬಿತು. ಅದು ನಾಟಕವಲ್ಲ, ನಿಜವಾಗಿಯೂ ತುಂಬಿತು. ನನ್ನ ಕೆನ್ನೆ ಸವರಿ, ಹಿಂದೆಂದಿಗಿಂತ ಗಟ್ಟಿಯಾಗಿ, ಎರಡು ಸುತ್ತು ಹೆಚ್ಚಾಗಿ ಬಿಗಿದು ಗಂಟು ಹಾಕಿದರು. ನಾನು ಕಾದೆ. ಕೆ.ಎಂ. ದೊಡ್ಡಿ ದಾಟುವವರೆಗೂ ಕಾದೆ. ಆಮೇಲೆ ಮೆಲ್ಲಗೆ, ಹಾಗಾದರೆ ಇವತ್ತು ಒಬ್ಬಟ್ಟು ಬೇಡ ಅಲ್ವೇ ಎಂದು ಕೇಳಿದೆ.

"ನಿನ್ನಿಷ್ಟಕ್ಕೆ ನೀನು ಕಟ್ಟಿಸ್ಕೊಂಡೆ," ಅತ್ತೆ ಹಿಂದಿನ ಸೀಟಿನಿಂದ ಹೇಳಿದರು. "ನನ್ನಿಷ್ಟಕ್ಕೆ ನಾನು ತಿಂತೀನಿ. ಎಷ್ಟು ಚೆನ್ನಾಗಿದೆ ನೋಡು ನಿನ್ನ ಸಂವಿಧಾನ."

ಕಾರು ಬಲಕ್ಕೆ ತಿರುಗಿತು. ಬಾಗಿಲು ತೆರೆದುಕೊಂಡಿತು. ನಾನು ಅಲುಗಾಡಲಿಲ್ಲ. ಹಾದಿಯ ಬದಿಯ ಕಬ್ಬಿನ ಹೂವುಗಳು ಬೆಳ್ಳಗೆ ತಲೆಯಾಡಿಸುತ್ತಾ ನನ್ನ ಮೊಣಕಾಲಿನ ಪಕ್ಕದಲ್ಲೇ ಓಡುತ್ತಿದ್ದವು. ಇದನ್ನು ಹೇಳಲೇಬೇಕು, ಬಹಳ ಭದ್ರವಾಗಿತ್ತು.

ಈಗ ನಾನು ಮಳವಳ್ಳಿಯಲ್ಲಿ, ನನ್ನಮ್ಮನ ಮನೆಯ ಮುಂದೆ, ಕಾರಿನಲ್ಲೇ ಕೂತಿದ್ದೇನೆ. ಬಂದು ಸ್ವಲ್ಪ ಹೊತ್ತಾಯಿತು. ಕಾರು ನಿಂತೊಡನೆ ಅಮ್ಮ ಚೊಂಬಿನ ನೀರು ಹಿಡಿದು ಓಡಿಬಂದು, ಬೀಗಿತ್ತಿಯ ಕಾಲು ತೊಳೆಯಲು ಕೊಟ್ಟು, ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಉಪಚಾರದ ರಭಸದಲ್ಲಿ ಬಿಚ್ಚುವವರಿಗೆ ಬಿಚ್ಚುವುದು ಮರೆತುಹೋಯಿತು. ಮಾವನವರು ಸೀನುತ್ತಾ ಒಳಗೆ ಹೋದರು. ಯಜಮಾನರು, ಕಂಕಣಕ್ಕೆ ನಾನು ಕೈ ಹಚ್ಚಲ್ಲಪ್ಪ, ಅಮ್ಮನ್ನೇ ಕಳಿಸ್ತೀನಿ ಎಂದು ಹೋದವರು ಅಲ್ಲೇ ಎಲೆಯ ಮುಂದೆ ಕೂತುಬಿಟ್ಟಿದ್ದಾರೆ. ಅವರ ಬೆನ್ನು ನನಗೆ ಕಾಣುತ್ತಿದೆ.

ಕಿಟಕಿ ತೆರೆದಿದೆ, ನಡುಮನೆಯೆಲ್ಲ ಕಾಣುತ್ತದೆ. ತಂಗಿ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತು ನನ್ನ ಕಡೆ ಕೈಬೀಸಿದಳು. ನಾನೂ ಬೀಸಿದೆ. ಬೀದಿಯ ಮಕ್ಕಳು ಕಾರಿನ ಸುತ್ತ ಸೇರಿ ಅರಿಶಿನದ ಕೊಂಬನ್ನು ನೋಡುತ್ತಿದ್ದಾರೆ. ಎದುರು ಮನೆಯ ಅಂಕಮ್ಮ ಜಗಲಿಯಿಂದಲೇ, ಸೀಮಂತ ಅಕ್ಕಂದಾ ತಂಗೀದಾ ಎಂದು ಯಾರನ್ನೋ ಕೇಳುತ್ತಿದ್ದಾಳೆ.

ಅತ್ತೆಯ ಎಲೆಗೆ ಅಮ್ಮ ಒಬ್ಬಟ್ಟು ಹಾಕಿದಳು. ಮೇಲೆ ತುಪ್ಪ. ಅತ್ತೆ ಕಣ್ಣುಮುಚ್ಚಿ ತಿಂದರು. ಹಾಗೆ ಕಣ್ಣುಮುಚ್ಚಿ ತಿನ್ನುವ ಮುಖವನ್ನು ನೋಡಿದರೆ ಯಾರಿಗೂ ಬೇಡ ಎನ್ನಲು ಮನಸ್ಸಾಗದು, ನನಗೂ ಒಂದು ಕ್ಷಣ ಆಗಲಿಲ್ಲ. ಅಮ್ಮ ಇನ್ನೊಂದು ಹಾಕಿದಳು. ಬೇಡವೆಂದು ಅತ್ತೆ ಕೈ ಅಡ್ಡ ಹಿಡಿದದ್ದು ಬೀಗಿತ್ತಿಯರು ಹಿಡಿಯುವಷ್ಟೇ, ಬೆರಳುಗಳ ನಡುವೆ ಒಬ್ಬಟ್ಟು ತೂರುವಷ್ಟು ಸಂದು ಬಿಟ್ಟು. ಬಲವಂತ ಮಾಡಬೇಡಿ ಸರಸಮ್ಮನೋರೇ ಎಂಬ ಮಾತು ಇಲ್ಲಿಯವರೆಗೂ ಕೇಳಿಸಿತು. ಮಾಡೋದೇ, ನಿಮ್ಮ ಸೊಸೆ ಮನೇಲಿ ನಿಮಗೆ ಸಿಹೀನೇ ಕೊಡಲ್ಲವಂತೆ ಎಂದು ನನ್ನ ಹೆತ್ತ ತಾಯಿ ಹೇಳಿದ್ದೂ ಕೇಳಿಸಿತು.

ಈಗ ಅಮ್ಮ ಸಕ್ಕರೆಯ ಬಟ್ಟಲು ತರುತ್ತಿದ್ದಾಳೆ, ಒಬ್ಬಟ್ಟಿನ ಮೇಲೆ ಉದುರಿಸಲು. ಅತ್ತೆ ಈ ಸಲ ಕೈ ಕೂಡ ಅಡ್ಡ ಹಿಡಿಯುತ್ತಿಲ್ಲ.

ಓದುಗರು ಕ್ಷಮಿಸಬೇಕು. ಕಟ್ಟಿದವರೇ ಬಿಚ್ಚಬೇಕೆಂಬುದು ನನಗೆ ಗೊತ್ತಿದೆ, ಆದರೆ ಈ ಗಂಟಿಗೆ ನಾನೇ ಕೈ ಹಾಕಿದ್ದೇನೆ. ಬಿಗಿಯಾಗಿದೆ. ಒಂದು ಉಗುರು ಮುರಿಯಿತು. ಹಾಂ, ಬಿಚ್ಚಿತು. ಒಳಗೆ ಹೋಗಿ ಆ ಎಲೆಯನ್ನು ಎತ್ತಿಕೊಂಡು ಬರುತ್ತೇನೆ. ಇದು ಬಲವಂತವಲ್ಲವೇ ಎಂದು ನೀವು ಕೇಳುವುದಾದರೆ, ಹೌದು, ಬಲವಂತವೇ, ಆದರೆ ಇದು ಕೇವಲ ಅವರ ಒಳ್ಳೆಯದಕ್ಕೆ...